ಅರಳು ಮರಳು ಎಂದು ಸುಮ್ಮನಾಗುವ ಮುನ್ನ

ಅರವತ್ತಕ್ಕೆ ಅರಳು ಮರಳು ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮ ನಾಡಿನಲ್ಲಿ ಇರಲಾರರು. ಮನೆಯಲ್ಲಿ ದಖನಿ ಆಡುವ ನಾವು ಇದನ್ನೇ ‘ಸಠಿಯಾ ಗಯೇ’ ಎನ್ನುತ್ತೇವೆ. ಅದರೊಳಗೆ ಅಡಗಿರುವುದೂ ಸಾಠ್, ಅಂದರೆ ಅರವತ್ತೇ. ಎರಡು ಭಾಷೆಗಳು ಒಂದೇ ಓಣಿಯಲ್ಲಿ ನೂರಾರು ವರ್ಷ ಬಾಳಿ ಮುಪ್ಪಿನ ಬಗ್ಗೆ ಒಂದೇ ತೀರ್ಮಾನಕ್ಕೆ ಬಂದಿವೆ. ಹೇಳಿದ್ದನ್ನೇ ಹೇಳಿದರೆ ಅರಳು ಮರಳು. ಉಂಡದ್ದನ್ನು ಮರೆತರೆ ಅರಳು ಮರಳು. ನಡುರಾತ್ರಿ ಎದ್ದು ಬಾಗಿಲು ತೆಗೆದರೂ ಅದೇ. ಈ ಮಾತಿನಲ್ಲಿ ಒಂದು ಬಗೆಯ ಕರುಣೆಯೂ ಇದೆ. ಹಾಗೆಂದ ಮೇಲೆ ಆ ಹಿರಿಯರ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಆದರೆ ಹಾಗೆಂದ ಮೇಲೆ ಅವರನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋಗುವವರೂ ಇರುವುದಿಲ್ಲ.

ಮುಪ್ಪಿನ ಮರೆವು ಧರ್ಮಗ್ರಂಥಗಳಿಗೆ ಹೊಸ ಸಂಗತಿಯಲ್ಲ. ಕುರ್‌ಆನಿನ ಅನ್ನಹ್ಲ್ ಮತ್ತು ಅಲ್‌ಹಜ್ಜ್ ಅಧ್ಯಾಯಗಳಲ್ಲಿ, ಅರಿತದ್ದೆಲ್ಲ ಅಳಿಸಿಹೋಗುವ ಇಳಿಗಾಲದ ಪ್ರಸ್ತಾಪವಿದೆ. ಬನೀ ಇಸ್ರಾಈಲ್ ಅಧ್ಯಾಯವು ಮುದಿ ತಂದೆತಾಯಿಯರ ಜೊತೆ ಹೇಗೆ ಮಾತಾಡಬೇಕು ಎಂಬುದನ್ನೂ ಕಲಿಸುತ್ತದೆ. ಅಲ್ಲಿ ಹೇಳಿರುವ ಮುಪ್ಪು ವರ್ಷಗಟ್ಟಲೆ ನಡೆದು ಬರುವಂಥದು. ಮೂರೇ ವಾರದಲ್ಲಿ ಓಡಿಬಂದರೆ ಅದು ಮುಪ್ಪಲ್ಲ, ಅದಕ್ಕೆ ಬೇರೆ ಹೆಸರಿದೆ, ಕೆಲವೊಮ್ಮೆ ಔಷಧವೂ ಇದೆ ಎಂದು ನಮಗೆ ತಿಳಿದದ್ದು 2023ರ ಮಳೆಗಾಲದಲ್ಲಿ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ದಾರಿಯ ಮೇಲಿನ ಊರುಗಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ಊರಾಯಿತು, ಅಕ್ಕಿ ಗಿರಣಿಗಳ ಊರಾಯಿತು. ನಡುವೆ ಇರುವ ಮಸ್ಕಿ ಮೊದಲು ಲಿಂಗಸುಗೂರು ತಾಲೂಕಿಗೆ ಸೇರಿತ್ತು, ಈಗ ತಾನೇ ಒಂದು ತಾಲೂಕು. ನಮ್ಮ ಬಡೇ ಅಬ್ಬಾ, ಅಂದರೆ ತಂದೆಯವರ ಅಣ್ಣ, ಮನೆ ಮಾಡಿದ್ದು ಮಸ್ಕಿಯಲ್ಲಿ, ಮೂವತ್ತು ವರ್ಷ ಗುಮಾಸ್ತರಾಗಿ ದುಡಿದದ್ದು ಸಿಂಧನೂರಿನ ಗಿರಣಿಯೊಂದರಲ್ಲಿ, ಮಗಳನ್ನು ಕೊಟ್ಟದ್ದು ಲಿಂಗಸುಗೂರಿಗೆ. ಎಪ್ಪತ್ತೈದು ಕಿಲೋ ಚೀಲದ ಲೆಕ್ಕದಲ್ಲಿ ಒಂದು ಲಾರಿ ಭತ್ತದ ಬೆಲೆಯನ್ನು ಕಾಗದ ಮುಟ್ಟದೆ ಬಾಯಲ್ಲೇ ಹೇಳುತ್ತಿದ್ದರು. ಕೆಲಸ ಬಿಟ್ಟ ಮೇಲೆ ಓಣಿಯ ಮಸೀದಿಯ ಲೆಕ್ಕ ಅವರ ಕೈಗೆ ಬಂತು. ತಿಂಗಳ ಚಂದಾ, ಎರಡು ಮಳಿಗೆಗಳ ಬಾಡಿಗೆ, ಕುರ್ಬಾನಿಯ ಚರ್ಮದ ಹಣ. ಚರ್ಮಕ್ಕೆ ಈಗ ಬೆಲೆಯೇ ಇಲ್ಲ, ಆ ಮಾತು ಬೇರೆ. 71ರ ವಯಸ್ಸಿನಲ್ಲೂ ಅವರ ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಆದದ್ದಿಲ್ಲ.

ಬಕ್ರೀದ್ ಮುಗಿದು ಹದಿನೈದು ದಿನಕ್ಕೆ ತಲೆನೋವು ಎಂದರು. ಆಮೇಲೆ ನಮಾಜಿನಲ್ಲಿ ಎಷ್ಟನೆಯ ರಕಅತ್ ಎಂಬುದು ತಪ್ಪತೊಡಗಿತು. ತಾಟಿನಲ್ಲಿ ಬಲಗಡೆಯ ಅನ್ನ ಉಂಡು ಎಡಗಡೆಯದನ್ನು ಹಾಗೇ ಬಿಟ್ಟು ಎದ್ದುಬಿಡುತ್ತಿದ್ದರು. ದಿನಾ ನಡೆದ ದಾರಿಯಲ್ಲಿ ಎಡಕ್ಕೆ ತಿರುಗಬೇಕಾದ ಕಡೆ ತಿರುಗದೆ ಬಸ್‌ಸ್ಟ್ಯಾಂಡಿನವರೆಗೂ ಹೋಗಿ ನಿಂತಿರುತ್ತಿದ್ದರು. ತೀರಿಹೋದ ತಮ್ಮನನ್ನು, ಅಂದರೆ ನಮ್ಮ ತಂದೆಯವರನ್ನು, ಊಟಕ್ಕೆ ಕರೆಯಿರಿ ಎಂದರು. ಆಚೆಮನೆಯ ಅಜ್ಜ ಬಂದು ನೋಡಿ, “ಸಾಬರಿಗೆ ವಯಸ್ಸಾತು, ಅರಳು ಮರಳು. ಅದಕ್ಕ ಏನ್ ಮಾಡಾಕ ಬರತೈತಿ?” ಎಂದು ಕಣ್ಣೊರೆಸಿಕೊಂಡರು. ಗಾಳಿ ಸೋಕಿದೆ ಎಂದವರಿದ್ದರು. ಯಾರೋ ಮಾಡಿಸಿದ್ದಾರೆ ಎಂದವರೂ ಇದ್ದರು.

ಇಷ್ಟೇ ಆಗಿದ್ದರೆ ಮನೆಯೊಳಗಿನ ಮಾತಾಗಿ ಉಳಿಯುತ್ತಿತ್ತು. ಜುಲೈ ಕೊನೆಗೆ ಮಸೀದಿ ಕಮಿಟಿಯವರು ಲೆಕ್ಕಪುಸ್ತಕ ತರಿಸಿ ನೋಡಿದರು. ಬಡೇ ಅಬ್ಬಾ ಹಳೆಯ ಗಿರಣಿ ಪದ್ಧತಿಯಂತೆ ಎಡ ಪುಟಕ್ಕೆ ಜಮಾ, ಬಲ ಪುಟಕ್ಕೆ ಖರ್ಚು ಬರೆಯುವವರು. ಮೂರು ವಾರದಿಂದ ಖರ್ಚಿನ ಪುಟದಲ್ಲಿ ದೀಪದ ಬಿಲ್ಲು, ಮುಅಝ್ಝಿನರ ಸಂಬಳ, ಪೊರಕೆಯ ಹದಿನೈದು ರೂಪಾಯಿ ಎಲ್ಲವೂ ಇವೆ. ಜಮಾದ ಪುಟ ಖಾಲಿ! ಬಂದ ಹಣ ಎಲ್ಲಿ ಎಂದು ಕೇಳಿದರೆ, ಬರೆದಿದ್ದೀನಲ್ಲ ನೋಡ್ರಿ ಎಂದು ಅದೇ ಖಾಲಿ ಪುಟವನ್ನು ಮುಂದಿಡುತ್ತಾರೆ. ಕಮಿಟಿಯವರು ಸಭ್ಯರು, ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಓಣಿಯ ತುಂಬ ಹರಡಿತು. ಅಮಾನತಿನ ಹಣ ಎಂದರೆ ನಮ್ಮಲ್ಲಿ ಎಂಥ ಮಾತೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಅದೇ ವಾರ ಇನ್ನೊಂದು ಮಾತೂ ಎದ್ದಿತು. ಕಾಲುವೆ ನೀರಿನ ನಾಲ್ಕು ಎಕರೆ ಬಡೇ ಅಬ್ಬಾ ಅವರ ಹೆಸರಿನಲ್ಲಿದೆ. ಬುದ್ಧಿ ಪೂರ್ತಿ ಹೋಗುವ ಮೊದಲು ಗಂಡುಮಕ್ಕಳ ಹೆಸರಿಗೆ ಹಿಬಾ, ಅಂದರೆ ದಾನಪತ್ರ ಮಾಡಿಸಿ ಹೆಬ್ಬೆಟ್ಟು ಒತ್ತಿಸಿಬಿಡಿ ಎಂದು ಸಂಬಂಧಿಕರೊಬ್ಬರು ಲಿಂಗಸುಗೂರಿನ ವಕೀಲರನ್ನೂ ವಿಚಾರಿಸಿಕೊಂಡು ಬಂದರು. ಹಾಗೆ ಮಾಡಿದ್ದರೆ ಲಿಂಗಸುಗೂರಿನ ಮಗಳಿಗೆ ಶರೀಅತ್ತಿನಂತೆ ಬರಬೇಕಾದ ಪಾಲು ಹೋಗುತ್ತಿತ್ತು. ಬುದ್ಧಿ ಸ್ಥಿಮಿತದಲ್ಲಿಲ್ಲದವರು ಮಾಡಿದ ಹಿಬಾ ನಿಲ್ಲುವುದೂ ಇಲ್ಲ. ಹೀಗಾಗಿ ಇದು ಮುಪ್ಪೋ ಕಾಯಿಲೆಯೋ ಎಂಬ ಪ್ರಶ್ನೆಗೆ ಒಬ್ಬ ಮನುಷ್ಯನ ಮಾನ, ಒಬ್ಬ ಹೆಣ್ಣುಮಗಳ ಹಕ್ಕು ಎರಡೂ ತಳುಕು ಹಾಕಿಕೊಂಡವು.

ಮಸೀದಿಯ ಮೌಲ್ವಿಯವರಿಗೆ ಇನ್ನೂ ಮೂವತ್ತು ದಾಟಿಲ್ಲ. ದಮ್ ಮಾಡಿಸಲು ಹೋದವರಿಗೆ ಅವರು, “ಪೆಹಲೇ ದವಾ, ಸಾಥ್ ಮೇ ದುವಾ” ಎಂದರು. ಮೊದಲು ಔಷಧ, ಜೊತೆಗೆ ಪ್ರಾರ್ಥನೆ. ಸಿಂಧನೂರಿಗೆ ಹೊರಟೆವು.

ಅಲ್ಲಿ ಮೊದಲು ನಡೆದದ್ದು ರಕ್ತ, ಮೂತ್ರದ ಪರೀಕ್ಷೆಗಳು. ಇದನ್ನು ಒತ್ತಿ ಹೇಳಬೇಕು. ವಯಸ್ಸಾದವರಿಗೆ ಇದ್ದಕ್ಕಿದ್ದಂತೆ ಬುದ್ಧಿ ಕಲಕಿದಾಗ ಕಾರಣ ಎಷ್ಟೋ ಸಲ ಮಿದುಳಿನ ಹೊರಗೇ ಇರುತ್ತದೆ. ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಸಕ್ಕರೆ ಏರಿರುವುದು ಅಥವಾ ಕುಸಿದಿರುವುದು, ಮೂತ್ರದ ಸೋಂಕು, ಥೈರಾಯ್ಡ್, ಬಿ-12 ಕೊರತೆ, ಮೂತ್ರಪಿಂಡದ ತೊಂದರೆ, ಅಷ್ಟೇಕೆ, ನಿದ್ದೆಗೆಂದು ಅಂಗಡಿಯಿಂದ ತಂದುಕೊಟ್ಟ ಮಾತ್ರೆಯೂ ಸಾಕು. ಹೀಗೆ ಮಿದುಳಿನ ಒಟ್ಟು ಕೆಲಸವೇ ಏರುಪೇರಾಗುವ ಸ್ಥಿತಿಗೆ ವೈದ್ಯರು ಎನ್ಸೆಫಲೋಪತಿ ಎನ್ನುತ್ತಾರೆ. ಅದೊಂದು ಕಾಯಿಲೆಯ ಹೆಸರಲ್ಲ, ಹಲವು ಕಾಯಿಲೆಗಳು ಬಂದು ತಟ್ಟುವ ಒಂದೇ ಬಾಗಿಲು. ಬಡೇ ಅಬ್ಬಾ ಅವರ ರಕ್ತದಲ್ಲಿ ಇಂಥದ್ದೇನೂ ಸಿಗಲಿಲ್ಲ. ಸಕ್ಕರೆ ಸ್ವಲ್ಪ ಹೆಚ್ಚು, ಅಷ್ಟೆ.

ಆಮೇಲೆ ಸಿ.ಟಿ. ಸ್ಕ್ಯಾನ್. ತಲೆಗೆ ಪೆಟ್ಟು ಬಿದ್ದು ಹೆಪ್ಪುಗಟ್ಟಿದ ರಕ್ತ, ಹೊಸ ರಕ್ತಸ್ರಾವ, ದೊಡ್ಡ ಗಡ್ಡೆ, ಇವು ಸಿ.ಟಿ.ಯಲ್ಲಿ ಬೇಗ ಕಾಣುತ್ತವೆ. ಬೈಕಿನ ಹಿಂದೆ ಕೂತು ಬಿದ್ದ ಎಷ್ಟೋ ಹಿರಿಯರಿಗೆ ಒಂದು ತಿಂಗಳ ನಂತರ ಬುದ್ಧಿ ಮಂಕಾಗುವುದು ಹೀಗೆ ಒಳಗೆ ಕೂತ ರಕ್ತದಿಂದಲೇ. ಅದಕ್ಕೆ ಈ ಸ್ಕ್ಯಾನ್ ಬೇಕೇಬೇಕು. ನಮ್ಮವರ ಸಿ.ಟಿ.ಯಲ್ಲಿ ಮಿದುಳಿನ ಬಲಭಾಗದ ಹಿಂಬದಿಯಲ್ಲಿ ಒಂದು ಮಸುಕು ಕಂಡಿತು. ನೋಡಿದವರು ಲಕ್ವದ ಗುರುತು ಎಂದು ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟರು. ಮೂರನೆಯ ರಾತ್ರಿ ಎಡಗೈ ಅದುರತೊಡಗಿ, ಬಾಯಿ ಸೊಟ್ಟಗಾಗಿ, ಎರಡು ನಿಮಿಷ ಪ್ರಜ್ಞೆ ಇರಲಿಲ್ಲ. ಫಜ್ರ್ ಹೊತ್ತಿಗೆ ರಾಯಚೂರಿಗೆ ಗಾಡಿ ಮಾಡಿದೆವು.

ರಾಯಚೂರಿನ ನರರೋಗ ತಜ್ಞರು ಸಿ.ಟಿ. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ ಮೊದಲು ಆ ಮಾತ್ರೆ ನಿಲ್ಲಿಸಿದರು. ಆಮೇಲೆ ಎಂ.ಆರ್.ಐ. ಚೀಟಿ ಬರೆದು, ಅದರ ಕೆಳಗೆ ಎರಡು ಹೆಸರುಗಳಿಗೆ ಗೆರೆ ಎಳೆದರು: ಫ್ಲೇರ್, ಎಸ್.ಡಬ್ಲ್ಯೂ.ಐ. ಈ ಎರಡೂ ಚಿತ್ರ ತೆಗೆಯದಿದ್ದರೆ ಹಣ ಕೊಡಬೇಡಿ ಎಂದರು. ಎಂ.ಆರ್.ಐ. ಎಂದರೆ ಒಂದೇ ಚಿತ್ರ ಎಂದು ನಾವು ತಿಳಿದಿದ್ದೆವು. ಅದು ಒಂದೇ ಮಿದುಳನ್ನು ಬೇರೆ ಬೇರೆ ರೀತಿಯಲ್ಲಿ ಕೇಳುವ ಹಲವು ಪ್ರಶ್ನೆಗಳಂತೆ. ಕೇಳದ ಪ್ರಶ್ನೆಗೆ ಯಂತ್ರ ಉತ್ತರ ಕೊಡುವುದಿಲ್ಲ.

ಯಂತ್ರದೊಳಗೆ ಹೋಗುವ ಮುನ್ನ ಒಂದು ರಂಪ ನಡೆಯಿತು. ಬಡೇ ಅಬ್ಬಾ ಅವರ ತೋಳಿನಲ್ಲಿ ಲೋಹದ ಕೊಳವೆಯ ತಾವೀಜು, ಕೊರಳಲ್ಲಿ ಇನ್ನೊಂದು. ಬಲವಾದ ಅಯಸ್ಕಾಂತದ ಕೋಣೆ ಅದು, ಮೈಮೇಲೆ ಲೋಹ ಇರಕೂಡದು. ಅವರು ಬಿಚ್ಚಲು ಒಪ್ಪರು. ಕೊನೆಗೆ ಮಗಳು ತಾವೀಜುಗಳನ್ನು ತನ್ನ ಕೈಯಲ್ಲಿ ಹಿಡಿದು, ಬಾಗಿಲಾಚೆ ಇದೇ ಹಿಡಿದುಕೊಂಡು ನಿಂತಿರುತ್ತೇನೆ ಅಬ್ಬಾ ಎಂದ ಮೇಲೆ ಒಳಗೆ ಹೋದರು. ಸೀಮೆಎಣ್ಣೆ ಡಬ್ಬಕ್ಕೆ ಸುತ್ತಿಗೆಯಿಂದ ಬಡಿದಂಥ ಸದ್ದು, ಅರ್ಧ ಗಂಟೆ ಅಲುಗಾಡದೆ ಮಲಗಬೇಕು. ಅಲುಗಾಡಿದರೆ ಚಿತ್ರ ಕೆಡುತ್ತದೆ. ಹೆಂಗಸರಾದರೆ ಮೂಗುಬೊಟ್ಟು, ಕಾಲುಂಗುರ, ತಲೆಯ ಪಿನ್ನು, ಬುರ್ಖಾದ ಪಿನ್ನು ಎಲ್ಲ ತೆಗೆದಿಡಬೇಕು. ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದರೆ, ಹಿಂದೆ ಆಪರೇಷನ್‌ನಲ್ಲಿ ಲೋಹ ಇಟ್ಟಿದ್ದರೆ ಮೊದಲೇ ಹೇಳಬೇಕು.

ಫ್ಲೇರ್ ಎನ್ನುವುದು ಮಿದುಳಿನ ಸುತ್ತ ಸಹಜವಾಗಿ ಇರುವ ನೀರನ್ನು ಕಪ್ಪಾಗಿಸಿ, ಮಿದುಳಿನ ಅಂಗಾಂಶದೊಳಗೆ ಅಸಹಜವಾಗಿ ಸೇರಿದ ನೀರನ್ನು ಮಾತ್ರ ಬೆಳ್ಳಗೆ ತೋರಿಸುವ ಚಿತ್ರ. ಅದರಲ್ಲಿ ಬಲಭಾಗದ ಹಿಂದಿನ ಅರ್ಧ ಹಾಲು ಚೆಲ್ಲಿದಂತೆ ಬೆಳ್ಳಗಿತ್ತು. ಎಡಭಾಗದಲ್ಲಿ ಹಾಗಿರಲಿಲ್ಲ. “ಇದು ಮುಪ್ಪಲ್ಲ, ಊತ” ಎಂದರು ಡಾಕ್ಟರು. ವಯಸ್ಸಿನಿಂದ ಬರುವ ಬಿಳಿ ಕಲೆಗಳು ಹೆಚ್ಚಾಗಿ ಎರಡೂ ಕಡೆ ಒಂದೇ ತೆರನಾಗಿ ಇರುತ್ತವಂತೆ. ಹೀಗೆ ಒಂದು ಪಕ್ಕಕ್ಕೆ ವಾಲಿ, ಮಿದುಳಿನ ಮೇಲ್ಪದರದ ಬುಡದವರೆಗೂ ಹಬ್ಬಿದ್ದು ಬೇರೆಯೇ ಕಥೆ ಹೇಳುತ್ತದೆ.

ಎರಡನೆಯ ಚಿತ್ರ ಎಸ್.ಡಬ್ಲ್ಯೂ.ಐ. ರಕ್ತದಲ್ಲಿ ಕಬ್ಬಿಣವಿದೆ. ಎಲ್ಲೋ ಒಂದು ಕೂದಲೆಳೆಯಂಥ ರಕ್ತನಾಳ ಸೋರಿ ರಕ್ತ ಒಣಗಿದರೂ ಅದರ ಕಬ್ಬಿಣ ಹಿಮೋಸಿಡೆರಿನ್ ಎಂಬ ರೂಪದಲ್ಲಿ ಅಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಆ ಚೂರು ಕಬ್ಬಿಣ ಯಂತ್ರದ ಅಯಸ್ಕಾಂತ ಕ್ಷೇತ್ರವನ್ನು ತನ್ನ ಸುತ್ತ ಸ್ವಲ್ಪ ಕದಡುತ್ತದೆ. ಕದಡಿದ ಜಾಗ ಚಿತ್ರದಲ್ಲಿ ಕಪ್ಪು ಚುಕ್ಕೆಯಾಗಿ, ನಿಜವಾದ ಗಾತ್ರಕ್ಕಿಂತ ದೊಡ್ಡದಾಗಿ ಮೂಡುತ್ತದೆ. ಸಿ.ಟಿ.ಯಲ್ಲಿ ಈ ಚುಕ್ಕೆಗಳ ಸುಳಿವೇ ಇರುವುದಿಲ್ಲ. ಬಡೇ ಅಬ್ಬಾ ಅವರ ಮಿದುಳಿನ ಅಂಚಿನಲ್ಲಿ ಎಳ್ಳು ಚೆಲ್ಲಿದಂತೆ ಅಂಥ ಚುಕ್ಕೆಗಳು ಇಪ್ಪತ್ತಕ್ಕೂ ಮೇಲಿದ್ದವು. ಯಾವ ಯಾವ ವರ್ಷದಲ್ಲಿ ಸೋರಿದ್ದವೋ, ಒಂದಕ್ಕೂ ಅವರು ಅಯ್ಯೋ ಎಂದಿರಲಿಲ್ಲ. ಚಿನ್ನ ಹುಡುಕುತ್ತ ಬಂದ ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಕಂಡ ಕಥೆ ನಮ್ಮೂರಿನ ಶಾಲೆಯ ಮಕ್ಕಳಿಗೂ ಗೊತ್ತು. ಬಂಡೆ ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಅಲ್ಲೇ ಇತ್ತು. ಓದಬಲ್ಲವರು ಬಂದು ನೋಡುವವರೆಗೂ ಅದು ಬರೀ ಗೀಚಿದ ಕಲ್ಲು.

ಚುಕ್ಕೆ ಎಲ್ಲಿದೆ ಎಂಬುದೇ ಮುಖ್ಯ. ರಕ್ತದೊತ್ತಡ ಬಹುಕಾಲ ಹೆಚ್ಚಿದ್ದವರಿಗೆ ಇಂಥ ಚುಕ್ಕೆಗಳು ಮಿದುಳಿನ ಆಳದಲ್ಲಿ, ಮಿದುಳಿನ ಬುಡದಲ್ಲಿ ಮೂಡುತ್ತವೆ. ಆಳದಲ್ಲಿ ಒಂದೂ ಇಲ್ಲದೆ, ಎಲ್ಲವೂ ಹೊರಪದರದ ಹತ್ತಿರವೇ ಇದ್ದರೆ ವೈದ್ಯರ ಅನುಮಾನ ಬೇರೆ ಕಡೆ ಹೋಗುತ್ತದೆ. ಆ ಕಾಯಿಲೆಯ ಹೆಸರು ಸೆರೆಬ್ರಲ್ ಅಮಿಲಾಯ್ಡ್ ಆಂಜಿಯೋಪತಿ. ಅಮಿಲಾಯ್ಡ್ ಒಂದು ಬಗೆಯ ಪ್ರೋಟೀನು. 1906ರಲ್ಲಿ ಜರ್ಮನಿಯ ಅಲೋಯಿಸ್ ಆಲ್ಜೈಮರ್ ವರದಿ ಮಾಡಿದ, ಈಗ ಅವರ ಹೆಸರಿನಿಂದಲೇ ಕರೆಯುವ ಮರೆವಿನ ಕಾಯಿಲೆಯಲ್ಲಿ ಅದು ಮಿದುಳಿನ ಅಂಗಾಂಶದ ನಡುವೆ ಗಸಿಯಂತೆ ಕೂರುತ್ತದೆ. ಇಲ್ಲಿ ಅದೇ ಪ್ರೋಟೀನು ಸಣ್ಣ ರಕ್ತನಾಳಗಳ ಗೋಡೆಯೊಳಗೆ ಕೂರುತ್ತದೆ. ಕಾಲುವೆಯ ಕೊನೆಯ ರೈತನ ಹಳೆಯ ರಬ್ಬರ್ ಪೈಪು ಬಿಸಿಲಿಗೆ ಬಿರುಸಾಗಿ ಅಲ್ಲಲ್ಲಿ ಬಿರಿಯುತ್ತದಲ್ಲ, ಹಾಗೆ ನಾಳದ ಮೃದುತನ ಹೋಗಿ ಸೋರತೊಡಗುತ್ತದೆ. ಸೋರಿಕೆ ದೊಡ್ಡದಾದರೆ ಮಿದುಳಿನ ರಕ್ತಸ್ರಾವ. ಹೀಗಿರುವಾಗ ರಕ್ತ ತೆಳುವಾಗಿಸುವ ಮಾತ್ರೆ ಅಪಾಯ ಹೆಚ್ಚಿಸಬಹುದು. ಹಾಗೆಂದು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ಓದಿ ಮಾತ್ರೆ ಬಿಸಾಡಬಾರದು. ಎರಡು ಅಪಾಯಗಳನ್ನು ತೂಗಿ ನೋಡುವುದು ಡಾಕ್ಟರ ಕೆಲಸ.

ಈ ಕಾಯಿಲೆ ಇರುವ ಎಲ್ಲರಿಗೂ ಬುದ್ಧಿ ಹೀಗೆ ದಿಢೀರನೆ ಕಲಕುವುದಿಲ್ಲ. ಕೆಲವರಲ್ಲಿ ಮಾತ್ರ, ನಾಳದ ಗೋಡೆಯಲ್ಲಿ ಕೂತ ಅಮಿಲಾಯ್ಡನ್ನು ಮೈಯ ರಕ್ಷಣಾ ವ್ಯವಸ್ಥೆಯೇ ಶತ್ರುವೆಂದು ತಿಳಿದು ಮುತ್ತುತ್ತದೆ. ಆಗ ಉರಿಯೂತ. ತಲೆನೋವು, ನಡವಳಿಕೆಯ ಬದಲಾವಣೆ, ಸೆಳವು, ಕೆಲವೇ ವಾರಗಳಲ್ಲಿ ಬುದ್ಧಿ ಇಳಿಮುಖ. 2004ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು, ಅಂಗಾಂಶ ಪರೀಕ್ಷೆಯಿಂದ ಈ ಕಾಯಿಲೆ ಖಚಿತವಾಗಿದ್ದ 42 ಜನರ ದಾಖಲೆ ತೆಗೆದು ನೋಡಿದಾಗ 7 ಜನರಲ್ಲಿ ಇಂಥ ಉರಿಯೂತವಿತ್ತು. ಆಗೆಲ್ಲ ಖಚಿತ ಮಾಡಿಕೊಳ್ಳಲು ತಲೆಬುರುಡೆ ಕೊರೆದು ಮಿದುಳಿನ ಚೂರು ತೆಗೆಯಬೇಕಿತ್ತು. 2016ರಲ್ಲಿ, ಎಂ.ಆರ್.ಐ.ಯಲ್ಲಿ ಆ ವಾಲಿದ ಬಿಳಿ ಊತ ಮತ್ತು ಅಂಚಿನ ಕಪ್ಪು ಚುಕ್ಕೆಗಳು ಎರಡೂ ಸೇರಿ ಕಂಡು, ಬೇರೆ ಕಾರಣಗಳಿಲ್ಲವೆಂದು ಖಾತ್ರಿಯಾದರೆ ಮಿದುಳಿಗೆ ಕೈ ಹಾಕದೆಯೂ ಚಿಕಿತ್ಸೆ ಆರಂಭಿಸಬಹುದೆಂಬ ಮಾನದಂಡ ಪ್ರಕಟವಾಯಿತು. ಮಸ್ಕಿಯ ಒಬ್ಬ ಗುಮಾಸ್ತರ ತಲೆ ಕೊರೆಯುವುದು ತಪ್ಪಿದ್ದು ಹೀಗೆ.

ಬೇರೆ ಕಾರಣಗಳಿಲ್ಲವೆಂದು ಖಾತ್ರಿ ಮಾಡುವುದು ನಮ್ಮ ಕಡೆ ಸಣ್ಣ ಮಾತಲ್ಲ. ಮಿದುಳಿಗೆ ಬರುವ ಕ್ಷಯ, ಲಾಡಿಹುಳುವಿನ ಮರಿಗಳು ಮಿದುಳಿನಲ್ಲಿ ಕೂತು ತರುವ ಸೆಳವು, ಇವು ನಮ್ಮ ದೇಶದಲ್ಲಿ ಅಪರೂಪವಲ್ಲ. ಉರಿಯೂತಕ್ಕೆ ಕೊಡುವುದು ಸ್ಟಿರಾಯ್ಡ್. ಒಳಗೆ ಕ್ಷಯವಿರುವುದು ತಿಳಿಯದೆ ಅದನ್ನೊಂದೇ ಕೊಟ್ಟರೆ ಬೆಂಕಿಗೆ ಗಾಳಿ ಹಾಕಿದಂತೆ. ಅದಕ್ಕೇ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕೆಂದರು. ಬೆನ್ನಿನ ನೀರು ತೆಗೆದರೆ ಕಾಲು ಬೀಳುತ್ತವೆ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಬೇರೂರಿದೆ. ಸೂಜಿ ಚುಚ್ಚುವ ಜಾಗದಲ್ಲಿ ಬೆನ್ನುಹುರಿಯೇ ಇರುವುದಿಲ್ಲ, ಅದು ಮೇಲೆಯೇ ಮುಗಿದಿರುತ್ತದೆ ಎಂದು ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ದೊಡ್ಡ ಮಗ ಸಹಿ ಹಾಕಿದರು. ಕ್ಷಯ ಇರಲಿಲ್ಲ.

ಐದು ದಿನ ರಕ್ತನಾಳದ ಮೂಲಕ ಮೀಥೈಲ್‌ಪ್ರೆಡ್ನಿಸೊಲೋನ್ ಕೊಟ್ಟರು. ಸಕ್ಕರೆ ನಾನೂರು ದಾಟಿತು, ಇನ್ಸುಲಿನ್ ಬೇಕಾಯಿತು. ಎರಡನೆಯ ವಾರದಲ್ಲಿ ಬಡೇ ಅಬ್ಬಾ ತಾಟಿನ ಎಡಗಡೆಯ ಅನ್ನವನ್ನೂ ಉಂಡರು.

ಆಗಲೇ ಲೆಕ್ಕಪುಸ್ತಕದ ಗುಟ್ಟೂ ಬಯಲಾದದ್ದು. ಮಿದುಳಿನ ಬಲಭಾಗದ ಹಿಂಬದಿ ನಮ್ಮ ಎಡಗಡೆಯ ಜಗತ್ತಿನ ಮೇಲೆ ನಿಗಾ ಇಡುತ್ತದೆ. ಅಲ್ಲಿ ಊತ ಬಂದರೆ ಕಣ್ಣು ಚೆನ್ನಾಗಿಯೇ ಇರುತ್ತದೆ, ಆದರೆ ಎಡಗಡೆ ಎಂಬುದು ಮನಸ್ಸಿಗೇ ಇಲ್ಲವಾಗುತ್ತದೆ. ತಾಟಿನ ಎಡಭಾಗ, ದಾರಿಯ ಎಡತಿರುವು, ಪುಸ್ತಕದ ಎಡಪುಟ. ಜಮಾದ ಪುಟ ಅವರ ಪಾಲಿಗೆ ಇರಲೇ ಇಲ್ಲ. ಇದನ್ನು ಕೇಳಿದ ಮಗಳು ಮಸ್ಕಿಗೆ ಹೋಗಿ ಕಪಾಟು ತೆಗೆದಾಗ, ಕೆಳಗಿನ ಅರೆಯ ಬಿಸ್ಕತ್ತಿನ ಡಬ್ಬದಲ್ಲಿ ಹಣ ಸಿಕ್ಕಿತು. ಚಂದಾ ಬೇರೆ, ಬಾಡಿಗೆ ಬೇರೆ, ರಬ್ಬರ್ ಬ್ಯಾಂಡ್ ಹಾಕಿ, ಒಂದು ನೋಟೂ ಕಡಿಮೆಯಿಲ್ಲದೆ. ಡಬ್ಬ, ಸ್ಕ್ಯಾನ್ ವರದಿ ಎರಡನ್ನೂ ಕಮಿಟಿಯ ಮುಂದಿಟ್ಟರು. ಅಧ್ಯಕ್ಷರು ಹಣ ಎಣಿಸಲಿಲ್ಲ, ಆಕೆಯೇ ಹಟ ಹಿಡಿದು ಎಣಿಸಿದಳು. ಹಿಬಾದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ತಿಳಿಯಬಾರದು. ಮೂರು ತಿಂಗಳ ನಂತರ ತೆಗೆದ ಎಂ.ಆರ್.ಐ.ಯಲ್ಲಿ ಬಿಳಿ ಊತ ಬಹುಪಾಲು ಕರಗಿತ್ತು, ಕಪ್ಪು ಚುಕ್ಕೆಗಳು ಹಾಗೇ ಇದ್ದವು. ಉರಿಯೂತಕ್ಕೆ ಔಷಧವಿದೆ, ನಾಳದೊಳಗಿನ ಅಮಿಲಾಯ್ಡಿಗೆ ಇಲ್ಲ. ಮಾತ್ರೆ ಕಡಿಮೆ ಮಾಡುತ್ತ ಬಂದಾಗ 2024ರ ಜನವರಿಯಲ್ಲಿ ತಲೆನೋವು ಮರಳಿ ಬಂತು, ಮತ್ತೆ ಪ್ರಮಾಣ ಏರಿಸಿದರು. ಮಾರ್ಚಿನಲ್ಲಿ ರಂಜಾನ್. ಉಪವಾಸ ಹಿಡಿಯುತ್ತೇನೆಂದು ಬಡೇ ಅಬ್ಬಾ ಹಟ. ಬೆಳಗಿನ ಸ್ಟಿರಾಯ್ಡ್ ಮಾತ್ರೆ, ಇನ್ಸುಲಿನ್ ಎರಡನ್ನೂ ಬಿಟ್ಟು ಹಗಲಿಡೀ ಹಸಿದಿರುವುದು ಅವರ ಸ್ಥಿತಿಯಲ್ಲಿ ಜೀವಕ್ಕೇ ಅಪಾಯ. ಸ್ಟಿರಾಯ್ಡನ್ನು ಹಠಾತ್ತನೆ ನಿಲ್ಲಿಸಕೂಡದು ಎಂಬುದು ಇನ್ನೊಂದು. ಮತ್ತೆ ಮೌಲ್ವಿಯವರೇ ಬಂದರು. ರೋಗಿಗೆ ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಬೇಡವೆನ್ನುವುದು ಭಕ್ತಿಯಲ್ಲ, ಗುಣವಾದರೆ ಮುಂದೆ ಕಜಾ, ಆಗದಿದ್ದರೆ ಫಿದ್ಯಾ ಎಂದು ಕೂತು ವಿವರಿಸಿದರು. ಹೊಸ ಮೌಲ್ವಿಗಳ ಬಗ್ಗೆ ಸುಲಭವಾಗಿ ಹಗುರ ಮಾತಾಡುವವರು ನಮ್ಮಲ್ಲಿ ಬಹಳ. ಇಂಥದ್ದನ್ನೂ ಬರೆಯಬೇಕು.

ಈ ಒಂದು ವರ್ಷದಲ್ಲಿ ನಾವು ಬಹಳ ಯೋಚಿಸಿದ್ದು ಹೆಂಗಸರ ಬಗ್ಗೆ. ಬಡೇ ಅಬ್ಬಾ ಲೆಕ್ಕ ಬರೆಯುವವರಾದ್ದರಿಂದ ತಪ್ಪು ಊರಿಗೇ ಕಂಡಿತು. ಮನೆಯೊಳಗೇ ಇರುವ ಒಬ್ಬ ಮುದುಕಿಗೆ ಇದೇ ಊತ ಬಂದಿದ್ದರೆ? ಸಾರಿಗೆ ಎರಡು ಸಲ ಉಪ್ಪು ಬಿದ್ದರೆ ಸೊಸೆಯ ಮೇಲಿನ ಸಿಟ್ಟಿಗೆ ಹೀಗೆ ಮಾಡುತ್ತಾಳೆ ಎನ್ನುತ್ತೇವೆ. ಸೆರಗಿನ ಎಡಭಾಗ ಜಾರಿದರೆ ನಾಚಿಕೆ ಬಿಟ್ಟಳು ಎನ್ನುತ್ತೇವೆ. ಆಕೆಯ ಹೆಸರಿನಲ್ಲಿ ಪಹಣಿಯೂ ಇಲ್ಲ, ಮಸೀದಿಯ ಲೆಕ್ಕವೂ ಇಲ್ಲ. ಏಳೆಂಟು ಸಾವಿರದ ಎಂ.ಆರ್.ಐ.ಗೆ ಎರಡೂವರೆ ಗಂಟೆ ದಾರಿ ಸವೆಸಿ ಕರೆದೊಯ್ಯುವ ಮನೆ ಎಷ್ಟಿವೆ? ರಾಯಚೂರಿನ ಆ ಕಾಯುವ ಕೋಣೆಯಲ್ಲಿ ನಾವು ಮೂರು ಸಲ ಗಂಟೆಗಟ್ಟಲೆ ಕೂತಿದ್ದೇವೆ. ಗಂಡಸು ರೋಗಿಗಳ ಜೊತೆ ಬಂದ ಹೆಂಗಸರನ್ನು ಬಹಳ ಕಂಡೆವು. ರೋಗಿಯಾಗಿ ಬಂದ ಮುದುಕಿಯರು ಕಡಿಮೆ.

ಹಾಗೆಂದು ಮರೆವು ಬಂದ ಎಲ್ಲರನ್ನೂ ಯಂತ್ರದೊಳಗೆ ತೂರಿಸಬೇಕು ಎಂಬುದು ನಮ್ಮ ಮಾತಲ್ಲ. ಅಂಥ ವ್ಯಾಪಾರ ಈಗಾಗಲೇ ಬೇಕಾದಷ್ಟು ನಡೆದಿದೆ. ವರ್ಷಗಟ್ಟಲೆ ನಿಧಾನವಾಗಿ ಬಂದ ಮರೆವು ಬೇರೆ. ಅದಕ್ಕೆ ಬೇಕಾದದ್ದು ಮೊದಲು ಡಾಕ್ಟರ ಎದುರು ಅರ್ಧ ಗಂಟೆಯ ಮಾತು. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅವರಲ್ಲಿ ಹೆಚ್ಚಿನವರದು ಬಡೇ ಅಬ್ಬಾ ಅವರ ಕಾಯಿಲೆಯಲ್ಲ. ನಿನ್ನೆ ಮೊನ್ನೆ ನೆಟ್ಟಗಿದ್ದವರು ದಿನಗಳಲ್ಲಿ, ವಾರಗಳಲ್ಲಿ ಬದಲಾದರೆ, ಹೊಸ ತಲೆನೋವು ಅಥವಾ ಸೆಳವು ಜೊತೆಗೂಡಿದರೆ, ಮೈಯ ಒಂದು ಪಕ್ಕ ಮರೆತಂತಾದರೆ ಆಗ ಕಾಯಬಾರದು.

ಚಿತ್ರ ತೆಗೆಯುವುದಷ್ಟೇ ಸಾಲದು, ಓದುವವರೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಬ್ಯಾಂಕ್ ಇದೆ, ಅಲ್ಲಿ ಸಂಶೋಧನೆಗಾಗಿ ದಾನ ಬಂದ ಮಿದುಳುಗಳನ್ನು ಕಾಪಿಟ್ಟಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದೆ, ಎಂ.ಆರ್.ಐ.ಯೂ ಅದರ ಭಾಗ. ಹಳ್ಳಿಯ ರೈತರ ಮಿದುಳನ್ನೂ ವಿಜ್ಞಾನ ಎಣಿಕೆಗೆ ತೆಗೆದುಕೊಂಡಿತಲ್ಲ ಎಂದು ಸಂತೋಷ. ಆದರೆ ಬೆಂಗಳೂರು ನಮಗೆ ಒಂದು ರಾತ್ರಿಯ ಬಸ್ ಪ್ರಯಾಣ, ಸೆಳವು ಬರುವ ರೋಗಿಗೆ ಅದು ಸಲ್ಲದು. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಜನ ಧರಣಿ ಕೂತರು. ಆ ಧರಣಿ ಸಾವಿರ ದಿನ ದಾಟಿತು. ದೂರದಿಂದ ನೋಡಿದವರಿಗೆ ಅದು ರಾಜಕೀಯದಂತೆ ಕಂಡಿರಬಹುದು. ಫಜ್ರ್ ಹೊತ್ತಿನಲ್ಲಿ ಗಾಡಿ ಹುಡುಕಿದವರಿಗೆ ಹಾಗೆ ಕಾಣುವುದಿಲ್ಲ.

ಈ ಚುಕ್ಕೆಗಳ ವಿಷಯ ಮುಂದೆ ಇನ್ನೂ ಹೆಚ್ಚು ಮನೆಗಳಿಗೆ ಬರಲಿದೆ. ಅಮಿಲಾಯ್ಡನ್ನು ಮಿದುಳಿನಿಂದ ತೆಗೆಯುವ ಔಷಧಗಳು ಆಲ್ಜೈಮರ್ಸ್ ಕಾಯಿಲೆಗಾಗಿ ಬಂದಿವೆ. ಅಮೆರಿಕದಲ್ಲಿ ಲೆಕಾನೆಮ್ಯಾಬ್‌ಗೆ 2023ರಲ್ಲಿ, ಡೊನಾನೆಮ್ಯಾಬ್‌ಗೆ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಅಮಿಲಾಯ್ಡಿನ ಮೇಲೆ ದಾಳಿ ಮಾಡಿದಾಗ ನಾಳಗಳು ಊದಿಕೊಂಡು ಸೋರುವುದು ಇವುಗಳ ದೊಡ್ಡ ಅಡ್ಡಪರಿಣಾಮ, ಚಿತ್ರದಲ್ಲಿ ಅದು ಬಡೇ ಅಬ್ಬಾ ಅವರ ಊತದಂತೆಯೇ ಕಾಣುತ್ತದೆ. ಇದೇನೂ ಹೊಸದಲ್ಲ. ಆಲ್ಜೈಮರ್ಸ್‌ಗೆ ಲಸಿಕೆ ಕಂಡುಹಿಡಿಯಲು ಹೊರಟ ಒಂದು ಪ್ರಯೋಗವನ್ನು 2002ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು, ಲಸಿಕೆ ಪಡೆದ ಸುಮಾರು 300 ಜನರಲ್ಲಿ 18 ಮಂದಿಗೆ ಮಿದುಳಿನ ಉರಿಯೂತ ಬಂದಿತ್ತು. ಅದಕ್ಕೇ ಈ ಹೊಸ ಔಷಧ ಕೊಡುವ ಮೊದಲು ಎಂ.ಆರ್.ಐ. ತೆಗೆದು ಚುಕ್ಕೆ ಎಣಿಸುತ್ತಾರೆ, ಕೊಡುತ್ತಿರುವಾಗಲೂ ಮತ್ತೆ ಮತ್ತೆ ತೆಗೆಯುತ್ತಾರೆ. ಚುಕ್ಕೆಗಳು ನಾಲ್ಕಕ್ಕಿಂತ ಹೆಚ್ಚಿದ್ದವರನ್ನು ಔಷಧ ಪ್ರಯೋಗಗಳಿಗೆ ಸೇರಿಸಿಕೊಳ್ಳಲಿಲ್ಲ. ಮರೆವಿಗೆ ಅಮೆರಿಕದ ಇಂಜೆಕ್ಷನ್ ಬಂದಿದೆಯಂತೆ ಎಂದು ಯಾರಾದರೂ ಹೇಳಿದರೆ ಎಸ್.ಡಬ್ಲ್ಯೂ.ಐ. ಆಗಿದೆಯೇ ಎಂದು ಮೊದಲು ಕೇಳಬೇಕು.

ಮತ್ತೊಂದು ಸಣ್ಣ ಸಂಗತಿ. ನಮ್ಮ ಮನೆಗಳಲ್ಲಿ ಹಳೆಯ ಎಕ್ಸ್‌ರೇ ಫಿಲ್ಮುಗಳು ಗ್ರಹಣ ನೋಡಲಷ್ಟೇ ಉಳಿದಿರುತ್ತವೆ. ಸ್ಕ್ಯಾನ್ ವರದಿಯ ಒಂದು ಹಾಳೆ ಇಟ್ಟುಕೊಂಡು ಫಿಲ್ಮನ್ನು, ಸಿ.ಡಿ.ಯನ್ನು ಕಳೆದುಬಿಡುತ್ತೇವೆ. ಈ ಕಾಯಿಲೆಯಲ್ಲಿ ಊತ ಹೆಚ್ಚಿತೇ, ಹೊಸ ಚುಕ್ಕೆ ಬಂತೇ ಎಂದು ತಿಳಿಯುವುದು ಹಳೆಯ ಚಿತ್ರದ ಪಕ್ಕಕ್ಕೆ ಹೊಸದನ್ನು ಇಟ್ಟು ನೋಡಿದಾಗಲೇ. ಬಡೇ ಅಬ್ಬಾ ಅವರ ಮೂರು ಎಂ.ಆರ್.ಐ.ಗಳ ಸಿ.ಡಿ.ಗಳು ಪಹಣಿ ಪತ್ರಗಳ ಟ್ರಂಕಿನಲ್ಲಿವೆ. ಮುಂದಿನ ಸಲ ಬರುವಾಗ ಇವನ್ನು ತರದಿದ್ದರೆ ನೋಡುವುದಿಲ್ಲ ಎಂದು ಡಾಕ್ಟರು ಚೀಟಿಯ ಮೇಲೆಯೇ ಬರೆದುಕೊಟ್ಟಿದ್ದಾರೆ.